ಎರಡನೇ ಕೀಪರ್ ಗಂಗಣ್ಣ

ಗಂಗಣ್ಣನವರು ಕುರ್ಚಿಗೆ ಬೆನ್ನು ಕೊಟ್ಟು ಕೂತದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ತುಮಕೂರಿನ ಗುಬ್ಬಿ ಗೇಟ್ ಹತ್ತಿರ ಇರುವ ನನ್ನ ಡಿಟಿಪಿ ಅಂಗಡಿಗೆ ಅವರು ವರ್ಷಗಟ್ಟಲೆ ಬಂದರು. ಎಷ್ಟು ಹೇಳಿದರೂ ಸ್ಟೂಲಿನ ತುದಿಗೇ ಕೂರುತ್ತಿದ್ದರು. ಎರಡೂ ಪಾದ ನೆಲಕ್ಕೆ ಊರಿ, ಕೈಗಳನ್ನು ಮಂಡಿಯ ಮೇಲಿಟ್ಟು, ಯಾರೋ ಈಗ ಕರೆಯುತ್ತಾರೆ, ಕರೆದ ತಕ್ಷಣ ಎದ್ದು ಓಡಬೇಕು ಅನ್ನುವ ಹಾಗೆ. ಕಾಲಿಗೆ ಯಾವಾಗಲೂ ಕ್ಯಾನ್ವಾಸ್ ಶೂ, ಲೇಸಿಗೆ ಎರಡೆರಡು ಗಂಟು. ಅರವತ್ತು ದಾಟಿದ, ತಲೆ ಪೂರ್ತಿ ಬೆಳ್ಳಗಾದ, ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರದ ಮನುಷ್ಯ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ರೆಕ್ಸಿನ್ ಬ್ಯಾಗು.

"ಸಾರ್, ಆ ಸ್ಟೂಲು ಎಲ್ಲೂ ಓಡಿಹೋಗಲ್ಲ, ಸರಿಯಾಗಿ ಕೂತ್ಕೊಳ್ಳಿ," ಎಂದು ನಾನು ರೇಗಿಸುತ್ತಿದ್ದೆ.

"ಅಭ್ಯಾಸ ಕಣಮ್ಮ," ಅನ್ನುತ್ತಿದ್ದರು.

ನನ್ನ ಅಂಗಡಿಯಾದರೂ ಎಂಥದ್ದು? ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುತ್ತದೆ. ಕಿಟಕಿ ಇಲ್ಲ. ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಮೆಷಿನ್ನು, ನಡುವೆ ನಾನು. ಲಗ್ನಪತ್ರಿಕೆ, ತಿಥಿ ಕಾರ್ಡು, ಬಾಡಿಗೆ ಕರಾರು, ರಸ್ತೆಬದಿಯ ಫ್ಲೆಕ್ಸು, ಇವನ್ನೇ ಟೈಪು ಮಾಡುತ್ತ ಬಂದಿದ್ದೇನೆ. ಬಿ.ಎಡ್. ಮಾಡಿ ಟೀಚರಾಗಬೇಕೆಂದಿದ್ದವಳು ನಾನು. ಬಿ.ಎಡ್. ಆಯಿತು, ಟೀಚರ್ ನೇಮಕದ ವೇಟಿಂಗ್ ಲಿಸ್ಟಿನಲ್ಲಿ ಹೆಸರೂ ಬಂತು, ಅಲ್ಲಿಂದ ಮುಂದೆ ಬರಲಿಲ್ಲ. ಅಷ್ಟರಲ್ಲಿ ವಯಸ್ಸು ಮೀರಿತು. ಈ ಮಾತನ್ನು ಇಲ್ಲಿ ಯಾಕೆ ಹೇಳಿದೆ ಅಂದರೆ, ನನ್ನ ಈ ಕಥೆಯನ್ನು ಪೂರ್ತಿ ಕೇಳಿ "ಅಯ್ಯೋ ಪಾಪ" ಅನ್ನದೇ ಇದ್ದವರು ಗಂಗಣ್ಣನವರೊಬ್ಬರೇ. "ವೇಟಿಂಗ್ ಲಿಸ್ಟಲ್ಲಿ ನಿನ್ನ ನಂಬರ್ ಎಷ್ಟಿತ್ತಮ್ಮ?" ಎಂದು ಕೇಳಿದ್ದರು. ಎರಡು ಅಂದೆ. ಗೊತ್ತು ಅನ್ನುವ ಹಾಗೆ ತಲೆ ಆಡಿಸಿದ್ದರು.

ಊರಿನಲ್ಲಿ ಅವರಿಗೆ ಇಂಡಿಯಾ ಗಂಗಣ್ಣ ಎಂದೇ ಹೆಸರು. ಹುಟ್ಟಿದ್ದು ಕುಣಿಗಲ್ಲಿನಲ್ಲಿ, ಕೆಲಸ ಮಾಡಿದ್ದು ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ, ಮನೆ ಮಾಡಿಕೊಂಡಿದ್ದು ಹೆಂಡತಿಯ ಊರಾದ ಗುಬ್ಬಿಯಲ್ಲಿ. ಹುಡುಗನಾಗಿದ್ದಾಗ ದೇಶದ ಯುವ ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾಗಿ ಹೊರದೇಶಕ್ಕೆ ಹೋಗಿ ಬಂದಿದ್ದರು. ನಮ್ಮ ಕಡೆ ಫುಟ್‌ಬಾಲ್ ಅಂದರೆ ಏನೆಂದು ಗೊತ್ತಿಲ್ಲದವರಿಗೂ ಇಂಡಿಯಾ ಗಂಗಣ್ಣ ಗೊತ್ತು. ಆಗಸ್ಟ್ ಹದಿನೈದಕ್ಕೆ ಒಂದು ಶಾಲೆಯವರು, ಜನವರಿ ಇಪ್ಪತ್ತಾರಕ್ಕೆ ಇನ್ನೊಂದು ಶಾಲೆಯವರು ಕರೆದು ಶಾಲು ಹೊದಿಸುತ್ತಿದ್ದರು. ಅವರ ಮನೆಯಲ್ಲಿ ಅಂಥ ಶಾಲುಗಳು ಎಷ್ಟಿದ್ದವೆಂದರೆ, ಚಳಿಗಾಲದಲ್ಲಿ ನೆಂಟರು ಬಂದರೆ ಹೊದಿಕೆಗೆ ಪಕ್ಕದ ಮನೆಯವರನ್ನು ಕೇಳಬೇಕಾಗಿರಲಿಲ್ಲ.

ನನಗೆ ಅವರ ಪರಿಚಯವಾದದ್ದು ನಮ್ಮ ದೇಶದಲ್ಲೇ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ನಡೆದ ವರ್ಷ. ಅಂಗಡಿಗೆ ಬಂದು, "ಇಂಟರ್‌ನೆಟ್ಟಲ್ಲಿ ನಮ್ಮ ಹುಡುಗ್ರ ಟೀಮ್ ಲಿಸ್ಟ್ ಬಂದಿದೆಯಂತೆ, ಒಂದು ಪ್ರಿಂಟ್ ಕೊಡಮ್ಮ," ಎಂದರು. ಕೊಟ್ಟೆ. ನಾಯಕ ಯಾರು, ಗೋಲು ಹೊಡೆಯುವವರು ಯಾರು ಎಂದು ಯಾರಾದರೂ ನೋಡುತ್ತಾರೆ. ಇವರು ಗೋಲ್ ಕೀಪರುಗಳ ಸಾಲನ್ನು ಬೆರಳಿಟ್ಟು ಹುಡುಕಿ, "ಎರಡನೇ ಕೀಪರ್ ಯಾರು? ಮೂರನೇ ಕೀಪರ್ ಯಾರು?" ಎಂದು ಕೇಳಿ, ಆ ಎರಡು ಹೆಸರಿನ ಕೆಳಗೆ ಗೆರೆ ಎಳೆದುಕೊಂಡರು. ನಮ್ಮ ಹುಡುಗರು ಆ ಕಪ್ಪಿನಲ್ಲಿ ಮೂರು ಪಂದ್ಯ ಆಡಿ ಮೂರನ್ನೂ ಸೋತರು. ಒಂದೇ ಒಂದು ಗೋಲು ಹೊಡೆದರು. ಗೋಲು ಬಿದ್ದ ಮಾರನೇ ದಿನ ಗಂಗಣ್ಣನವರು ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ತಂದು ನನ್ನ ಕೀಬೋರ್ಡಿನ ಮೇಲೆ ಇಟ್ಟರು. "ವಿಶ್ವಕಪ್ಪಲ್ಲಿ ಗೋಲು ಕಣಮ್ಮ! ತಗೋ, ತಿನ್ನು!" ಎಂದರು. ಸೋತದ್ದಕ್ಕೂ ಯಾರಾದರೂ ಬಿಸ್ಕತ್ತು ಹಂಚುತ್ತಾರಾ ಎಂದು ನಗುತ್ತಲೇ ತಿಂದೆ.

ಮುಂದಿನ ತಿಂಗಳು ರೆಕ್ಸಿನ್ ಬ್ಯಾಗಿನಿಂದ ನೋಟ್ ಬುಕ್ಕುಗಳು ಹೊರಗೆ ಬಂದವು. ಉದ್ದನೆಯವು, ರಟ್ಟಿನವು. ಭಾರತದ ಯುವ ತಂಡ ಆಡಿದ ಪಂದ್ಯಗಳನ್ನೆಲ್ಲ ಅವರು ಇಸವಿವಾರು ಬರೆದಿಟ್ಟಿದ್ದರು. ಫ್ಯಾಕ್ಟರಿಯ ಶಿಫ್ಟು ಮುಗಿಸಿ ಲೈಬ್ರರಿಗೆ ಹೋಗಿ ಹಳೇ ಪೇಪರಿನಿಂದ ಇಳಿಸಿಕೊಂಡದ್ದು, ರೇಡಿಯೋ ಕೇಳಿ ಬರೆದುಕೊಂಡದ್ದು. ಇದನ್ನೆಲ್ಲ ಪುಸ್ತಕ ಮಾಡಬೇಕು, ನಿಧಾನಕ್ಕೆ ಟೈಪು ಮಾಡಿಕೊಡು ಎಂದರು.

ಒಪ್ಪಿಕೊಂಡೆ. ಇತಿಹಾಸ ಅಂದರೆ ಗೆದ್ದ ಇತಿಹಾಸ ಅಂದುಕೊಂಡಿದ್ದೆ ನಾನು. ಎಪ್ಪತ್ನಾಲ್ಕರಲ್ಲಿ ಬ್ಯಾಂಕಾಕಿನಲ್ಲಿ ನಮ್ಮ ಹುಡುಗರು ಇರಾನಿನವರ ಜೊತೆ ಫೈನಲ್ ಸಮ ಮಾಡಿಕೊಂಡು ಏಷ್ಯಾದ ಯುವ ಕಪ್ಪನ್ನು ಹಂಚಿಕೊಂಡ ಪುಟವನ್ನು ಖುಷಿಯಿಂದಲೇ ಟೈಪು ಮಾಡಿದೆ. ಅದಾದ ಮೇಲೆ ಪುಟ ತಿರುಗಿಸಿದ ಹಾಗೆಲ್ಲ ಸೋಲು, ಸಮ, ಸೋಲು, ಅರ್ಹತಾ ಸುತ್ತಿನಲ್ಲೇ ಮನೆಗೆ. ಅಪರೂಪಕ್ಕೆ ಒಂದು ಹಬ್ಬ ಬರುತ್ತಿತ್ತು. ವಿಶ್ವಕಪ್ಪಿನ ಮಾರನೇ ವರ್ಷ ಸ್ಪೇನಿನಲ್ಲಿ ನಮ್ಮ ಇಪ್ಪತ್ತರೊಳಗಿನ ಹುಡುಗರು ಅರ್ಜೆಂಟೀನಾದ ಹುಡುಗರನ್ನು ಸೋಲಿಸಿಬಿಟ್ಟರು, ಅದೂ ಹತ್ತೇ ಜನ ಉಳಿದುಕೊಂಡು. ಆ ದಿನ ಬಿಸ್ಕತ್ತು ಹೋಗಿ ಮೈಸೂರ್ ಪಾಕು ಬಂತು. ಉಳಿದ ದಿನ ಮಾತ್ರ ಸೋಲೇ.

"ಸಾರ್, ಇದು ಇತಿಹಾಸನೋ ತಿಥಿ ಕಾರ್ಡೋ?" ಎಂದು ಒಂದು ಸಲ ಕೇಳಿಯೇಬಿಟ್ಟೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಗೆದ್ದಿದ್ದನ್ನ ಎಲ್ರೂ ಬರೀತಾರಮ್ಮ. ಸೋತಿದ್ದನ್ನೂ ಯಾರಾದ್ರೂ ಬರ್ದಿಡ್ಬೇಕಲ್ಲ," ಎಂದರು.

ಅವರ ಪಟ್ಟಿಯಲ್ಲಿ ಬೇರೆ ಎಲ್ಲೂ ಇಲ್ಲದ ಒಂದು ಕಾಲಂ ಇತ್ತು. ಆಡಿದವರು, ಬದಲಿಗೆ ಬಂದವರು, ಇವೆರಡು ಪೇಪರಿನಲ್ಲೂ ಸಿಗುತ್ತವೆ. ಇವರ ಮೂರನೇ ಕಾಲಮ್ಮಿನ ಹೆಸರು 'ಬೆಂಚು'. ತಂಡದ ಜೊತೆ ಹೋಗಿ, ಆಟದ ಬಟ್ಟೆ ಹಾಕಿಕೊಂಡು ಕೂತು, ಆಡದೆ ಎದ್ದು ಬಂದವರ ಹೆಸರು. ಅದನ್ನು ಯಾವ ಪೇಪರಿನವರೂ ಬರೆಯುವುದಿಲ್ಲ. ಗಂಗಣ್ಣನವರು ಹಳೇ ಆಟಗಾರರ ವಿಳಾಸ ಹುಡುಕಿ ಕಾಗದ ಬರೆಯುತ್ತಿದ್ದರು: ಇಂಥಾ ಪಂದ್ಯದಲ್ಲಿ ನಿಮ್ಮ ಪಕ್ಕ ಬೆಂಚಿನಲ್ಲಿ ಯಾರ್ಯಾರು ಕೂತಿದ್ದರು, ದಯಮಾಡಿ ತಿಳಿಸಿ. ಮಣಿಪುರದಿಂದ, ಗೋವಾದಿಂದ, ಬಂಗಾಳದಿಂದ ಉತ್ತರ ಬರುತ್ತಿತ್ತು. ಒಬ್ಬರು ಪಂಜಾಬಿನಿಂದ ಬರೆದಿದ್ದ ಕಾರ್ಡನ್ನು ನನಗೆ ತೋರಿಸಿದ್ದರು. ಕೂತಿದ್ದವನು ನಾನೇ, ಈವರೆಗೂ ಯಾರೂ ಕೇಳಿರಲಿಲ್ಲ ಎಂದು ಅದರಲ್ಲಿತ್ತು. ಆ ಕಾರ್ಡನ್ನು ಅವರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟುಕೊಂಡಿದ್ದರು.

ಈ ಬೆಂಚಿನ ಹುಚ್ಚು ಫುಟ್‌ಬಾಲಿಗೆ ಮಾತ್ರ ಅಂತಲ್ಲ. ನನ್ನ ತಂಗಿಯ ಮದುವೆಗೆ ಬಂದವರು ಊಟದ ಮನೆಗೆ ಹೋಗಿ, "ಅಡುಗೆ ಭಟ್ರಿಗೆ ಹುಷಾರು ತಪ್ಪಿದ್ರೆ ಸೌಟು ಹಿಡಿಯೋರು ಯಾರಪ್ಪ?" ಎಂದು ವಿಚಾರಿಸಿ, ಈರುಳ್ಳಿ ಹೆಚ್ಚುತ್ತಿದ್ದವನ ಪಕ್ಕ ಕೂತು ಅರ್ಧ ಗಂಟೆ ಮಾತಾಡಿದ್ದರು. ಭಟ್ಟರಿಗೆ ಸಿಟ್ಟು ಬಂದಿತ್ತು. ತಮಗೆ ಏನೋ ಆಗಲಿ ಅಂತ ಕಾಯುತ್ತಿದ್ದಾರೆ ಈ ಯಜಮಾನರು ಎಂದು ದೂರಿದರು.

ಒಂದು ವರ್ಷ ಗುಬ್ಬಿಯ ಹೈಸ್ಕೂಲೊಂದರ ಕ್ರೀಡಾ ದಿನಕ್ಕೆ ಸರ್ಟಿಫಿಕೇಟ್ ಪ್ರಿಂಟು ಹಾಕಿ ಕೊಡಲು ನಾನೇ ಹೋಗಿದ್ದೆ. ಗಂಗಣ್ಣನವರು ಮುಖ್ಯ ಅತಿಥಿ. ಪೇಟ, ಶಾಲು, ಹಾರ ಎಲ್ಲ ಆಯಿತು. ಚೆಂಡು ಒದ್ದು ಉದ್ಘಾಟನೆ ಮಾಡಿ ಎಂದರು. ಅವರು ಬಗ್ಗಿ ಚೆಂಡನ್ನು ಕೈಯಿಂದ ನೆಲದ ಮೇಲೆ ಸರಿಯಾಗಿ ಇಟ್ಟು, ಸಾಲಿನಲ್ಲಿ ಎಲ್ಲರಿಗಿಂತ ಗಿಡ್ಡ ಇದ್ದ ಒಂದು ಹುಡುಗಿಯನ್ನು ಕರೆದು ಅವಳ ಕೈಲಿ ಒದೆಸಿದರು. ಎಲ್ಲಿ ಕರೆದರೂ ಹಾಗೇ ಮಾಡುತ್ತಿದ್ದರಂತೆ. ಆ ಹುಡುಗಿಯೋ ಬಾಯಿಬಡುಕಿ. ಮೈಕು ಕೈಗೆ ಸಿಕ್ಕಿದ್ದೇ ತಡ, "ತಾತ, ಇಂಡಿಯಾ ಟೀಮಲ್ಲಿ ನೀವು ಎಷ್ಟು ಬಾಲ್ ಹಿಡಿದ್ರಿ?" ಎಂದು ಕೇಳಿದಳು.

ಗಂಗಣ್ಣನವರು ಮೈಕು ತೆಗೆದುಕೊಂಡರು. ಅವಳ ಎತ್ತರಕ್ಕೆ ಬಗ್ಗಿದರು. ಆಮೇಲೆ, "ಒಂದೂ ಹಿಡೀಲಿಲ್ಲ ಕಣವ್ವಾ. ನಾನು ಆಡಲೇ ಇಲ್ಲ," ಎಂದರು.

ಹೆಡ್ ಮಾಸ್ಟರು ಓಡಿ ಬಂದು ಮೈಕು ಕಸಿದುಕೊಂಡು, "ಮಕ್ಕಳೇ, ನೋಡಿದಿರಾ? ದೇಶಕ್ಕಾಗಿ ಆಡಿದ ಮಹನೀಯರು ಎಷ್ಟು ವಿನಯದಿಂದ ಮಾತಾಡಿದರು! ತುಂಬಿದ ಕೊಡ ತುಳುಕುವುದಿಲ್ಲ ಅನ್ನುವುದು ಇದಕ್ಕೇ!" ಎಂದರು. ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ. ಕೈ ನೋಯುವಷ್ಟು ತಟ್ಟಿದೆ. ಗಂಗಣ್ಣನವರು ಹೋಗಿ ವೇದಿಕೆಯ ಕುರ್ಚಿಯ ತುದಿಯಲ್ಲಿ ಕೂತರು. ಮುಖ ಕಪ್ಪಿಟ್ಟಿತ್ತು. ಬಿಸಿಲಿಗೆ ಇರಬೇಕು ಅಂದುಕೊಂಡೆ. ಈಗ ನೆನೆಸಿಕೊಂಡರೆ ನನ್ನ ಕೈಗಳ ಮೇಲೇ ನನಗೆ ಕೋಪ ಬರುತ್ತದೆ.

ಕೊರೋನಾ ಬಂತು, ಹೋಯಿತು. ಟೈಪಿಂಗು ನಿಂತು ಮತ್ತೆ ಶುರುವಾಯಿತು. ಕೊನೆಗೆ ಒಂದು ದಿನ ಅವರ ತಂಡದ ಪುಟ ಬಂತು. ಯಾವ ವರ್ಷ, ಯಾವ ದೇಶ ಎಂದು ಇಲ್ಲಿ ಬರೆಯುವುದಿಲ್ಲ, ಅದು ಅವರ ಪುಸ್ತಕಕ್ಕೆ ಸೇರಿದ್ದು. ಅಷ್ಟು ದಿನ ಈ ಪುಟಕ್ಕೇ ಕಾಯುತ್ತಿದ್ದ ನಾನು ಆಡಿದವರ ಕಾಲಮ್ಮಿನಲ್ಲಿ ಅವರ ಹೆಸರು ಹುಡುಕಿದೆ. ಇರಲಿಲ್ಲ. ಬದಲಿಗೆ ಬಂದವರಲ್ಲೂ ಇರಲಿಲ್ಲ. 'ಬೆಂಚು' ಕಾಲಮ್ಮಿನಲ್ಲಿ ಇತ್ತು: 'ಎಸ್. ಗಂಗಾಧರಯ್ಯ, ಕುಣಿಗಲ್. ಎರಡನೇ ಕೀಪರ್. ಆಡಲಿಲ್ಲ.' ಮುಂದಿನ ಪಂದ್ಯ, ಅದರ ಮುಂದಿನ ಪಂದ್ಯ, ಕೊನೆಯ ಪಂದ್ಯ, ಎಲ್ಲದಕ್ಕೂ ಅದೇ ಸಾಲು.

"ಸಾರ್, ಇಲ್ಲಿ ತಪ್ಪಾಗಿದೆ."

"ತಪ್ಪಾಗಿಲ್ಲಮ್ಮ."

ಆ ದಿನ ಕರೆಂಟ್ ಹೋಗಿತ್ತು. ಯುಪಿಎಸ್ ಕುಯ್ಯೆನ್ನುತ್ತಿತ್ತು. ಆ ಗೂಡಿನಂಥ ಅಂಗಡಿಯಲ್ಲಿ ಸ್ಟೂಲಿನ ತುದಿಗೆ ಕೂತು ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ಕೀಪರ್‌ಗೆ ಬದಲಿ ಬರೋದು ಅಂದ್ರೆ ಮೊದಲ್ನೇ ಕೀಪರ್‌ಗೆ ಏಟು ಬೀಳ್ಬೇಕು. ಇಲ್ದಿದ್ರೆ ಇಲ್ಲ. ಅವನು ನನ್ನ ರೂಮ್‌ಮೇಟು. ದಿನಾ ಬೆಳಿಗ್ಗೆ ನನಗೆ ಬಾಲ್ ಒದ್ದು ಪ್ರಾಕ್ಟೀಸ್ ಕೊಡ್ತಿದ್ದೋನು. ಕೊನೇ ಮ್ಯಾಚಲ್ಲಿ ಅವನ ಕೈಗೆ ಯಾರೋ ಒದ್ರು. ಬಿದ್ದ. ಕೋಚು ನನ್ನ ಕಡೆ ತಿರುಗಿ ಏಳು ಅಂದ್ರು. ಎದ್ದೆ. ಲೇಸು ಬಿಗಿ ಮಾಡ್ಕೊಂಡೆ. ಗೆರೆ ಪಕ್ಕ ಓಡೋಕೆ ಶುರು ಮಾಡ್ದೆ. ಒಂದು ಮೂವತ್ತು ಹೆಜ್ಜೆ ಓಡಿರ್ಬೇಕು. ಅಷ್ಟರಲ್ಲಿ ಅವನು ಎದ್ದ. ಕೈ ಒದರಿಕೊಂಡ. ಆಯ್ತು ಅಂದ. ಕೋಚು ನನಗೆ ಕೂತ್ಕೊ ಅಂದ್ರು. ಆವಾಗ ನನಗೆ ಏನನ್ನಿಸ್ತು ಗೊತ್ತೇನಮ್ಮ? ಇವನು ಯಾಕೆ ಎದ್ದ, ಇನ್ನೊಂದು ಸ್ವಲ್ಪ ಹೊತ್ತು ಬಿದ್ದಿರ್ಬಾರ್ದಾಗಿತ್ತಾ ಅನ್ನಿಸ್ತು. ಜೊತೆಗೆ ಉಂಡೋನು. ಅವನ ಕೈ ಮುರೀಲಿ ಅಂತ ಕಾದೆನಲ್ಲ ನಾನು!"

ಊರಿಗೆ ಬಂದಾಗ ಹೀಗೆ ಹೀಗಾಯಿತು ಎಂದು ಹೇಳಿಬಿಡಬೇಕು ಅಂತಲೇ ಬಂದಿದ್ದರಂತೆ. ಬ್ಯಾಗಿನಲ್ಲಿ ಕೀಪರುಗಳು ಹಾಕುವ ಹಳದಿ ಜೆರ್ಸಿ ಇತ್ತು. ಒಂದು ಕಲೆಯೂ ಇರಲಿಲ್ಲ. ಅವರ ತಾಯಿ ಸಿದ್ದಲಿಂಗಮ್ಮನವರು ಮಾರನೇ ಬೆಳಿಗ್ಗೆ ಬಟ್ಟೆಗಳನ್ನು ಕುಣಿಗಲ್ ದೊಡ್ಡಕೆರೆಗೆ ಒಗೆಯಲು ತೆಗೆದುಕೊಂಡು ಹೋದರು. ಗಂಗಣ್ಣನವರು ಎದ್ದು ಹೊರಗೆ ಬಂದಾಗ ಮನೆ ಮುಂದಿನ ತಂತಿಯ ಮೇಲೆ ಜೆರ್ಸಿ ಒಣಗುತ್ತಿತ್ತು. ಮೊಣಕೈ ಹತ್ತಿರ, ಎದೆಯ ಮೇಲೆ ಕಪ್ಪು ಕಲೆ. ಒಗೆದರೂ ಪೂರ್ತಿ ಹೋಗದ ಹಾಗೆ ಉಳಿದ ಕಲೆ.

"ಅದು ನಮ್ಮ ಕೆರೆ ಗೋಡು ಕಣಮ್ಮ," ಎಂದರು. ಕೆರೆಯ ತಳದಲ್ಲಿ ಕೂರುವ ಕಪ್ಪು ಮಣ್ಣಿಗೆ ನಮ್ಮ ಕಡೆ ಗೋಡು ಅನ್ನುತ್ತಾರೆ. "ಬೇಸಿಗೇಲಿ ಕೆರೆ ಅಂಗಳದಲ್ಲೇ ಬಾಲ್ ಹಿಡಿಯೋದು ಕಲ್ತೋನು ನಾನು. ಆ ಮಣ್ಣಿನ ಗುರುತು ನನಗೆ ಸಿಗಲ್ವಾ? ನಾವು ಹೋಗಿದ್ದ ದೇಶದಲ್ಲಿ ಬರೀ ಹುಲ್ಲು. ತಂತಿ ಸುತ್ತ ಆಗಲೇ ಬೀದಿ ಜನ ಸೇರಿತ್ತು. 'ಅಬ್ಬಬ್ಬಾ, ನಮ್ಮ ಹೈದ ಎಷ್ಟ್ ಬಿದ್ದವ್ನೆ ನೋಡ್ರೋ ದೇಶಕ್ಕೋಸ್ಕರ' ಅಂತ ಕಲೇನ ಮುಟ್ಟಿ ಮುಟ್ಟಿ ನೋಡ್ತಿದ್ರು. ನಮ್ಮವ್ವ ಬಾಗ್ಲಲ್ಲಿ ನಿಂತಿದ್ಲು. ನನ್ನ ಮುಖ ನೋಡ್ಲಿಲ್ಲ. ನಾನು ಬಾಯಿ ಬಿಟ್ಟಿದ್ರೆ ಅವಳು ಆ ಬೀದೀಲಿ ತಲೆ ಎತ್ತಂಗಿರ್ಲಿಲ್ಲ. ಸಾಯಂಕಾಲ ತೆರೆದ ಜೀಪಲ್ಲಿ ಮೆರವಣಿಗೆ ಮಾಡಿದ್ರು. ಹತ್ಕೊಂಡೆ. ಅವತ್ತಿಂದ ಇಳಿಯೋಕಾಗಿಲ್ಲ."

ಅವರಿಗೆ ಕೊಟ್ಟಿದ್ದ ಸರ್ಟಿಫಿಕೇಟಿನಲ್ಲಿ 'ತಂಡದ ಸದಸ್ಯ' ಎಂದಷ್ಟೇ ಇತ್ತು. ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದ್ದು ಅದನ್ನು ತೋರಿಸಿಯೇ. ಅದರಲ್ಲಿ ಸುಳ್ಳಿಲ್ಲ. ಸುಳ್ಳು ಇದ್ದದ್ದು ಆ ತಂತಿಯ ಮೇಲೆ.

"ನಿಮ್ಮ ತಾಯಿನ ಕೇಳ್ಲಿಲ್ವಾ ಸಾರ್, ಯಾಕೆ ಹೀಗೆ ಮಾಡಿದ್ರಿ ಅಂತ?"

"ಏನಂತ ಕೇಳೋದು? ಪ್ರತಿ ಭಾನುವಾರ ಕುಣಿಗಲ್‌ಗೆ ಹೋಗ್ತೀನಿ. ಎದುರು ಬದುರು ಕೂತು ಉಂಡು ಬರ್ತೀನಿ. ಅವಳೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಗುಬ್ಬಿ ಸ್ಕೂಲಲ್ಲಿ ಧೈರ್ಯ ಮಾಡಿ ಹೇಳ್ದೆ. ಗುಬ್ಬಿ ಸುದ್ದಿ ಕುಣಿಗಲ್‌ಗೆ ಹೋಗಲ್ಲ ಅಂತ. ನೀವೆಲ್ಲ ಸೇರಿ ಚಪ್ಪಾಳೆ ಹೊಡೆದ್ರಿ."

ನನಗೆ ತಲೆ ಎತ್ತಲಾಗಲಿಲ್ಲ.

ಪುಸ್ತಕ ಮುಗಿಯುತ್ತ ಬಂತು. ಸುದ್ದಿ ತಿಳಿದು ಕುಣಿಗಲ್ಲಿನ ಕ್ರೀಡಾಭಿಮಾನಿಗಳ ಬಳಗದ ಅಧ್ಯಕ್ಷ ಶಿವಣ್ಣನವರು, ಗಂಗಣ್ಣನವರು ಸ್ಟೂಲಿನಲ್ಲಿ ಕೂತಿದ್ದಾಗಲೇ, ನನ್ನ ಅಂಗಡಿಗೇ ಬಂದರು. ಒಳ್ಳೆಯವರೇ. ಗಟ್ಟಿ ದನಿ, ಬಿಳಿ ಷರ್ಟು, ಊರಿನಲ್ಲಿ ಯಾರಿಗೆ ಏನಾದರೂ ಮೊದಲು ನಿಲ್ಲುವವರು. ಕುಣಿಗಲ್ಲಿನಲ್ಲಿ ದೊಡ್ಡ ಸಮಾರಂಭ ಮಾಡಿ ಗಂಗಣ್ಣನವರ ತಾಯಿಯ ಕೈಯಿಂದಲೇ ಪುಸ್ತಕ ಬಿಡುಗಡೆ ಮಾಡಿಸಬೇಕು ಅನ್ನುವುದು ಅವರ ಆಸೆ. ಕಂಪ್ಯೂಟರಿನಲ್ಲಿ ಆ ಪುಟ ನೋಡಿ ಅವರ ಮುಖ ಗಂಟಿಕ್ಕಿತು.

"ಏನ್ ಗಂಗಣ್ಣ ಇದು? ಆಡ್ಲಿಲ್ಲ ಅಂತ ಬರ್ಕೊಂಡಿದೀಯಲ್ಲ?"

"ಆಡ್ಲಿಲ್ಲ ಶಿವಣ್ಣ."

"ನಿನ್ನ ವಿನಯ ನಿನ್ನ ಹತ್ರ ಇಟ್ಕೊ ಮಾರಾಯ. ಜೆರ್ಸಿ ನೋಡಿದೀವಿ ನಾವು, ಮಣ್ಣು ನೋಡಿದೀವಿ. ಆಗ ನಾನು ಆರನೇ ಕ್ಲಾಸು, ಕೈಯ್ಯಾರೆ ಮುಟ್ಟಿದೀನಿ!" ಆಮೇಲೆ ನನ್ನ ಕಡೆ ತಿರುಗಿ, "ಒಂದ್ ಸಾಲು ತಾನೇ ಮೇಡಂ? ತೆಗ್ದಾಕಿ," ಎಂದರು.

ಗಂಗಣ್ಣನವರು ಎದ್ದು ನಿಂತು ಮೌಸಿನ ಮೇಲಿದ್ದ ನನ್ನ ಕೈ ಮೇಲೆ ತಮ್ಮ ದೊಡ್ಡ ಕೈ ಇಟ್ಟರು. ತೆಗೆಯುವುದು ಬೇಡ ಅಂತ. ಶಿವಣ್ಣನವರು ಹೋದ ಮೇಲೆ, "ಸಾಲು ತೆಗೆಯಲ್ಲ. ತೆಗೆದ್ರೆ ಉಳಿದ ಬೆಂಚಿನೋರಿಗೆಲ್ಲ ಮೋಸ. ಪಂಜಾಬಿನೋನಿಗೆ ಏನಂತ ಹೇಳ್ಲಿ?" ಎಂದರು. "ಹಂಗಂತ ಈಗ ಅಚ್ಚು ಹಾಕ್ಸೋಕೂ ಆಗಲ್ಲ. ಪುಸ್ತಕ ಕುಣಿಗಲ್‌ಗೆ ಹೋಗುತ್ತೆ. ನಮ್ಮವ್ವನ ಕೈಲೇ ಬಿಡಿಸ್ತಾರಂತೆ. ಅವಳು ಹೋದ್ಮೇಲೆ ಹಾಕ್ಸಿದ್ರಾಯ್ತು ಬಿಡು."

ಹಾಗೆ ಅಂದವರು ತಕ್ಷಣ ನಾಲಿಗೆ ಕಚ್ಚಿಕೊಂಡರು. ಸ್ಟೂಲಿನ ತುದಿಯಲ್ಲಿ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, "ನೋಡಮ್ಮ, ಮತ್ತೆ ಅಲ್ಲೇ ಬಂದು ಕೂತೆ. ಆವಾಗ ಅವನ ಕೈ ಮುರೀಲಿ ಅಂತ ಕಾದೆ. ಈಗ ಹೆತ್ತವ್ವ ಹೋಗ್ಲಿ ಅಂತ ಕಾಯ್ಲಾ?" ಎಂದರು.

ಆಮೇಲೆಯೂ ಅವರು ಅಂಗಡಿಗೆ ಬರುವುದು ನಿಲ್ಲಿಸಲಿಲ್ಲ. ವಾರಕ್ಕೊಮ್ಮೆ ಬಂದು ಫೈಲು ತೆಗೆಸುತ್ತಿದ್ದರು. ಹೊಸ ಪಂದ್ಯ ಆಗಿದ್ದರೆ ಸೇರಿಸುತ್ತಿದ್ದರು. ತಮ್ಮ ಪುಟವನ್ನು ಒಂದು ಸಲ ನೋಡಿ, ಮುಚ್ಚು ಅನ್ನುತ್ತಿದ್ದರು. ಮುಚ್ಚುತ್ತಿದ್ದೆ. ಸತ್ಯವನ್ನು ಬರೆದೂ ಆಗಿದೆ, ಹೇಳುವ ಹಾಗೂ ಇಲ್ಲ. ನನಗೂ ಆ ಅಂಗಡಿ ಆಗಲೇ ಅಷ್ಟು ಚಿಕ್ಕದಾಗಿ ಕಂಡಿದ್ದು.

ಹೋದ ಮಾಘದಲ್ಲಿ ಒಂದು ಬೆಳಿಗ್ಗೆ ಗುಬ್ಬಿಯಲ್ಲಿ ವಾಕಿಂಗ್ ಹೋದ ಗಂಗಣ್ಣನವರು ರಸ್ತೆ ಬದಿಯಲ್ಲಿ ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ. ಎಂಬತ್ತು ದಾಟಿದ ಸಿದ್ದಲಿಂಗಮ್ಮನವರು ಇದ್ದರು, ಮಗ ಹೋದ. ನನಗೆ ಮೊದಲು ಫೋನು ಮಾಡಿದ್ದು ಶಿವಣ್ಣನವರು. ಅಳುತ್ತಲೇ, "ಮೇಡಂ, ಅರ್ಜೆಂಟಾಗಿ ಒಂದು ಫ್ಲೆಕ್ಸ್ ಮಾಡಿ," ಎಂದರು. 'ಭಾರತ ಯುವ ತಂಡದ ಸದಸ್ಯ' ಎಂದು ಹಾಕಿ ಕಳಿಸಿದೆ. ಐದು ನಿಮಿಷಕ್ಕೆ ವಾಪಸ್ ಬಂತು. 'ಭಾರತಕ್ಕಾಗಿ ಆಡಿದ ಕುಣಿಗಲ್ಲಿನ ಹೆಮ್ಮೆಯ ಪುತ್ರ' ಎಂದು ಮಾಡಬೇಕಂತೆ. ಮಾಡಿದೆ. ಟೈಪು ಮಾಡಿದ ಬೆರಳುಗಳು ನನ್ನವೇ.

ಕುಣಿಗಲ್ಲಿನ ಮನೆಯ ಮುಂದೆ ಅವರನ್ನು ನಮ್ಮ ಪದ್ಧತಿಯಂತೆ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ, ಬೆನ್ನನ್ನು ಹಲಗೆಗೆ ಒರಗಿಸಿ ಕಟ್ಟಿದ್ದರು. ಅವರ ಬೆನ್ನು ಏನಕ್ಕಾದರೂ ಒರಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಲ್ಲಿ ನಿಲ್ಲಲಾರದೆ ಅತ್ತುಬಿಟ್ಟೆ.

ಹನ್ನೊಂದನೇ ದಿನದ ಪೂಜೆಗೆ ಮತ್ತೆ ಹೋದೆ. ಊಟ ಮುಗಿದು ಜನ ಅಂಗಳದಲ್ಲಿ ಶಾಮಿಯಾನದ ಕೆಳಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಸಿದ್ದಲಿಂಗಮ್ಮನವರು ಒಳಮನೆಯಲ್ಲಿ ಗೋಡೆಗೊರಗಿ ಕೂತಿದ್ದರು. ಬೀದಿ ಕಡೆಯ ಕಿಟಕಿ ತೆರೆದಿತ್ತು.

"ನೀನೇ ಏನವ್ವಾ ನನ್ ಮಗನ್ ಬುಕ್ಕು ಮಾಡ್ತಿದ್ದೋಳು?" ಎಂದು ಕೇಳಿದರು. ಹೌದು ಅಂದೆ. "ತಂದಿದೀಯ?"

ತಂದಿದ್ದೆ. ಯಾಕೆ ತಂದೆನೋ ನನಗೇ ಗೊತ್ತಿಲ್ಲ. ಪ್ರಿಂಟು ಹಾಕಿದ ಹಾಳೆಗಳು ಬ್ಯಾಗಿನಲ್ಲಿದ್ದವು.

"ನಂಗೆ ಓದಾಕ್ ಬರಾಕಿಲ್ಲ. ಅವ್ನು ಆಡಾಕ್ ಹೋಗಿದ್ನಲ್ಲ, ಅದ್ನ ಓದು."

ಪುಟ ತೆಗೆದೆ. ಆಡಿದವರ ಹೆಸರು ಓದಿದೆ, ಬದಲಿಗೆ ಬಂದವರನ್ನು ಓದಿದೆ. ಆ ಸಾಲು ಬಂತು. ಆ ಮುದುಕಿಯ ಮುಖ ನೋಡಿದೆ. ಮಗನನ್ನು ಕಳೆದುಕೊಂಡು ಹನ್ನೊಂದು ದಿನ. ಹೊರಗೆ ಫ್ಲೆಕ್ಸು. ನನ್ನ ಬಾಯಿ ತಾನೇ ತಾನಾಗಿ, "ಎಸ್. ಗಂಗಾಧರಯ್ಯ, ಕುಣಿಗಲ್. ಕೀಪರ್. ಆಡಿದರು," ಎಂದು ಓದಿತು.

ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ನೀನೂ ಗೋಡು ಹಚ್ಚಿದ್ಯೇನವ್ವಾ?"

ಕೈಯಲ್ಲಿದ್ದ ಹಾಳೆಗಳನ್ನು ಮಡಿಲಿಗೆ ಇಳಿಸಿದೆ.

"ಒಗೆಯೋಳ್ಗೆ ಗೊತ್ತಾಗಾಕಿಲ್ವಾ? ಒಂದ್ ಬೆವರಿನ್ ವಾಸ್ನೆ ಇರ್ಲಿಲ್ಲ ಆ ಅಂಗೀಲಿ. ಕೆರೆ ಮೆಟ್ಲಲ್ಲಿ ಹೆಂಗಸ್ರೆಲ್ಲ ಬಗ್ಗಿ ಬಗ್ಗಿ ನೋಡ್ತಿದ್ರು. 'ಏನ್ ಸಿದ್ಲಿಂಗಿ, ಹೊಸಾ ಬಟ್ಟೆನೂ ಒಗೀತೀಯಾ?' ಅಂದ್ಲು ಒಬ್ಳು. ನನ್ ಮಗ ಹಿಂದ್ಲು ದಿನ ಬಂದಾಗ ಅವ್ನ ಮಕ ನೋಡಿದ್ದೆ ನಾನು. ತಡೀಲಾರ್ದೆ ಕಾಲ್ ಕೆಳ್ಗಿನ್ ಗೋಡು ತಗೊಂಡು ಬಳ್ದ್‌ಬುಟ್ಟೆ. ತಪ್ಪು ಮಾಡ್ದೆ ಅಂತ ಆಮೇಕೆ ಯಡಿಯೂರ್‌ಗೆ ನಡ್ಕೊಂಡ್ ಹೋಗಿ ಸ್ವಾಮಿ ಮುಂದೆ ಯೋಳ್ಕೊಂಡೆ. ಮಗನ್ ಮುಂದೆ ಯೋಳಾಕ್ ಆಗ್ಲಿಲ್ಲ. ಅವ್ನ್ಗೆ ಅವಮಾನ ಆಯ್ತದೆ ಅಂತ."

"ಅವರೂ ಹಾಗೇ ಅಂದುಕೊಂಡಿದ್ರು ಅಜ್ಜಿ. ನಿಮಗೆ ಅವಮಾನ ಆಗುತ್ತೆ ಅಂತ," ಅಂದೆ.

"ಭಾನ್ವಾರ ಭಾನ್ವಾರ ಬಂದು ಇಲ್ಲೇ ಕೂರ್ತಿದ್ನಲ್ಲವ್ವಾ," ಎಂದು ಅವರು ಬಾಗಿಲ ಪಕ್ಕದ ಮರದ ಕುರ್ಚಿಯನ್ನು ತೋರಿಸಿದರು. "ತುದೀಲಿ ಕೂರ್ತಿದ್ದ. ಈಗ ಯೋಳ್ತಾನೆ, ಈಗ ಯೋಳ್ತಾನೆ ಅಂತ ನಾನೂ ಕಾದೆ." ಆಮೇಲೆ ಸೊಂಟ ನೆಟ್ಟಗೆ ಮಾಡಿಕೊಂಡರು. "ಅವ್ನು ಬರ್ದಂಗೇ ಓದು. ಗಟ್ಟಿಯಾಗ್ ಓದು, ಹೊರ್ಗಡೆ ಕೂತೋರ್ಗೂ ಕೇಳ್ಲಿ."

ನಾನು ಎದ್ದು ಕಿಟಕಿಯ ಹತ್ತಿರ ನಿಂತು, ಬಿ.ಎಡ್. ಪಾಠದಲ್ಲಿ ಕಲಿತ ದನಿ ತೆಗೆದು ಓದಿದೆ: "ಬೆಂಚು. ಎಸ್. ಗಂಗಾಧರಯ್ಯ, ಕುಣಿಗಲ್. ಎರಡನೇ ಕೀಪರ್. ಆಡಲಿಲ್ಲ."

ಅಂಗಳದಲ್ಲಿದ್ದವರು ಕಿಟಕಿಯ ಕಡೆ ತಿರುಗಿದರು. ಆಮೇಲೆ ಶಿವಣ್ಣನವರ ಗಟ್ಟಿ ದನಿ, ಅಳು ಬೆರೆತ ದನಿ ಕೇಳಿಸಿತು: "ನೋಡ್ರಪ್ಪಾ, ಎಂಥಾ ಮನುಷ್ಯ! ತಾನು ಆಡಿದ್ದನ್ನೂ ಬರ್ಕೊಳ್ಲಿಲ್ಲ. ತುಂಬಿದ ಕೊಡ ತುಳುಕಲ್ಲ ಅನ್ನೋದು ಇದಕ್ಕೇ ಕಣ್ರಯ್ಯಾ." ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಪಕ್ಕದವರೂ ತಟ್ಟಿದರು.

ಅಜ್ಜಿ ನನ್ನ ಕೈ ಹಿಡಿದುಕೊಂಡರು.

"ಇನ್ನೊಂದ್ ಕಿತ ಓದು," ಅಂದರು.